ಹುದ್ದೆಯ ಹೆಸರು ಬಿಟ್ಟು ಇಂಡಸ್ಟ್ರಿ ಹಿಡಿದು ಹುಡುಕಿದೆ: ಜಾಬ್ ಆ್ಯಪ್ ಜೊತೆ ನಾಲ್ಕು ವರ್ಷ

2021ರಿಂದ ಒಂದೇ ಜಾಬ್ ಆ್ಯಪ್ ನನ್ನ ಫೋನಿನಲ್ಲಿದೆ. ಅದರ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ನಾನು ಹೇಳಬೇಕಿರುವುದು ಅದರೊಳಗಿನ 'ಇಂಡಸ್ಟ್ರಿ' ಅನ್ನುವ ಒಂದು ಫಿಲ್ಟರ್ ಬಗ್ಗೆ. ಅದು ಹೆಚ್ಚುಕಡಿಮೆ ಎಲ್ಲ ಜಾಬ್ ಸೈಟ್‌ಗಳಲ್ಲೂ ಇರುತ್ತದೆ. ನನಗೆ ಗೊತ್ತಿರುವ ಹುಡುಗರಲ್ಲಿ ಅದನ್ನು ಮುಟ್ಟುವವರು ಕಡಿಮೆ. ಮೊದಲ ಒಂದು ವರ್ಷ ನಾನೂ ಮುಟ್ಟಿರಲಿಲ್ಲ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಪೀಣ್ಯದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ವರ್ನಿಯರ್, ಮೈಕ್ರೋಮೀಟರ್ ಅನ್ನುವ ಅಳತೆ ಸಾಧನ, ರಿಪೋರ್ಟ್. ಕೈಗೆ ಬರುತ್ತಿದ್ದದ್ದು 16,500. ಬೇರೆ ಕಡೆ ನೋಡೋಣ ಅಂತ ಆ್ಯಪ್ ತೆಗೆದು 'ಕ್ವಾಲಿಟಿ ಇನ್‌ಸ್ಪೆಕ್ಟರ್, ಬೆಂಗಳೂರು' ಅಂತ ಹಾಕಿದರೆ ಮತ್ತೆ ಅದೇ ಪೀಣ್ಯ, ಅದೇ ಬೊಮ್ಮಸಂದ್ರ, ಅದೇ ಕಾರಿನ ಬಿಡಿಭಾಗ, ಅದೇ ಸಂಬಳ. ತಿಂಗಳುಗಟ್ಟಲೆ ಇದೇ ಆಯಿತು.

ಒಂದು ದಿನ ಟೀ ಕುಡಿಯುವಾಗ ನಮ್ಮ ಟೂಲ್ ರೂಮಿನ ಹಿರಿಯರೊಬ್ಬರು ಕೇಳಿದರು, "ನಿನ್ನ ಕೆಲಸ ಅಳತೆ ನೋಡೋದು ಕಣೋ. ಅಳತೆ ಬರೀ ಕಾರಿಗಷ್ಟೇ ಬೇಕಾ?"

ಅವತ್ತು ರಾತ್ರಿ ಹುದ್ದೆಯ ಹೆಸರು ಅಳಿಸಿಬಿಟ್ಟೆ. ಇಂಡಸ್ಟ್ರಿ ಪಟ್ಟಿ ತೆರೆದು ಒಂದೊಂದೇ ಟಿಕ್ ಮಾಡಿ ನೋಡಿದೆ. ಏರೋಸ್ಪೇಸ್, ಮೆಡಿಕಲ್ ಡಿವೈಸ್, ಪಂಪ್ ಮತ್ತು ವಾಲ್ವ್, ಫೌಂಡ್ರಿ, ಪ್ಯಾಕೇಜಿಂಗ್. ನಾನು ಮಾಡುವ ಕೆಲಸವೇ ಅಲ್ಲೆಲ್ಲ ಬೇರೆ ಬೇರೆ ಹೆಸರಿನಲ್ಲಿತ್ತು. ಒಂದು ಕಡೆ ಎಫ್‌ಎಐ (ಫಸ್ಟ್ ಆರ್ಟಿಕಲ್ ಇನ್‌ಸ್ಪೆಕ್ಷನ್) ಇಂಜಿನಿಯರ್, ಇನ್ನೊಂದು ಕಡೆ ಕ್ಯೂಎ ಅಂದರೆ ಕ್ವಾಲಿಟಿ ಅಶ್ಯೂರೆನ್ಸ್ ಎಕ್ಸಿಕ್ಯುಟಿವ್, ಮತ್ತೊಂದು ಕಡೆ ಹೊರಗಿನಿಂದ ಬರುವ ಮಾಲು ನೋಡುವ ಇನ್‌ಕಮಿಂಗ್ ಇನ್‌ಸ್ಪೆಕ್ಷನ್. ಹೆಸರು ಗೊತ್ತಿಲ್ಲದೆ ಹೆಸರು ಹಾಕಿ ಹುಡುಕಿದರೆ ಎಲ್ಲಿಂದ ಸಿಗಬೇಕು, ಅಲ್ವಾ?

ಒಂದೇ ಇಂಡಸ್ಟ್ರಿಯ ಇಪ್ಪತ್ತು ಮೂವತ್ತು ಜಾಹೀರಾತು ಸಾಲಾಗಿ ಓದಿದರೆ ಆ ಲೈನಿನಲ್ಲಿ ಏನು ಕೇಳುತ್ತಾರೆ ಅನ್ನುವುದು ತಾನಾಗಿ ತಿಳಿಯುತ್ತದೆ. ಕಾರಿನವರಿಗೆ ಐಎಟಿಎಫ್ 16949 ಅನ್ನುವ ಗುಣಮಟ್ಟದ ಸ್ಟ್ಯಾಂಡರ್ಡ್ ಮತ್ತು ಪಿಪಿಎಪಿ, ಅಂದರೆ ಬಿಡಿಭಾಗಕ್ಕೆ ಗ್ರಾಹಕರ ಒಪ್ಪಿಗೆ ಪಡೆಯುವ ದಾಖಲೆ ಕೆಲಸ, ಗೊತ್ತಿರಬೇಕು. ವಿಮಾನದ ಬಿಡಿಭಾಗದವರ ಸ್ಟ್ಯಾಂಡರ್ಡ್ ಎಎಸ್ 9100. ಮೆಡಿಕಲ್ ಡಿವೈಸ್ ಅಂದರೆ ಐಎಸ್‌ಒ 13485. ಎಫ್‌ಎಐ ಅಂದರೇನು ಅಂತ ನಾನು ಕಲಿತದ್ದೂ ಹೀಗೇ. ಮೊದಲ ಪೀಸ್ ತಯಾರಾದಾಗ ಡ್ರಾಯಿಂಗ್‌ನ ಪ್ರತಿ ಅಳತೆಗೂ ಒಂದು ನಂಬರ್ ಕೊಟ್ಟು, ಒಂದನ್ನೂ ಬಿಡದೆ ಅಳೆದು ಬರೆದಿಡುವುದು. ಪಿಪಿಎಪಿ ಮಾಡಿದವನಿಗೆ ಇದೇನು ಹೊಸ ಲೋಕ ಅಲ್ಲ. ಎರಡು ತಿಂಗಳು ರಾತ್ರಿ ಕೂತು ಓದಿ, ರೆಸ್ಯೂಮೆಯನ್ನು ಆ ಭಾಷೆಗೆ ತಿದ್ದಿದೆ.

ದೇವನಹಳ್ಳಿ ಕಡೆಯ ಒಂದು ಏರೋಸ್ಪೇಸ್ ಕಂಪನಿಯಿಂದ ಕರೆ ಬಂತು. ಮೇಜಿನ ಮೇಲೆ ಒಂದು ಅಲ್ಯೂಮಿನಿಯಂ ಪೀಸ್, ಒಂದು ಡ್ರಾಯಿಂಗ್, 25–50 ಎಂಎಂ ಅಳೆಯುವ ಮೈಕ್ರೋಮೀಟರ್ ಇಟ್ಟು "ಅಳತೆ ತೆಗೀರಿ" ಅಂದರು. ಆ ಸೈಜಿನ ಮೈಕ್ರೋಮೀಟರ್ ಪೂರ್ತಿ ಮುಚ್ಚುವುದಿಲ್ಲ. ಝೀರೋ ಸರಿಯಿದೆಯಾ ಅಂತ ನೋಡಬೇಕೆಂದರೆ 25 ಎಂಎಂ ಸೆಟ್ಟಿಂಗ್ ರಾಡ್ ಬೇಕು. ಡಬ್ಬಿಯಲ್ಲಿ ಅದಿರಲಿಲ್ಲ. "ಸರ್, ಸೆಟ್ಟಿಂಗ್ ರಾಡ್ ಕೊಡ್ತೀರಾ?" ಅಂದೆ. ಅವರು ಡ್ರಾಯರ್‌ನಿಂದ ತೆಗೆದು ಕೊಟ್ಟರು. ಇಟ್ಟು ನೋಡಿದರೆ 0.02 ಎಂಎಂ ವ್ಯತ್ಯಾಸ ತೋರಿಸುತ್ತಿತ್ತು. ಅಳೆಯುವ ಮೊದಲು ಝೀರೋ ನೋಡುವುದು ಪೀಣ್ಯದಲ್ಲಿ ದಿನಾ ಮಾಡುತ್ತಿದ್ದ ಕೆಲಸವೇ. ಕೆಲಸ ಸಿಕ್ಕಿತು, 24,000 ಕೈಗೆ, ಕಂಪನಿ ರೋಲ್, ಅಂದರೆ ಏಜೆನ್ಸಿ ಮೂಲಕ ಅಲ್ಲ, ನೇರ ಕಂಪನಿಯ ನೌಕರಿ.

ಇಂಡಸ್ಟ್ರಿ ಹಿಡಿದು ಹುಡುಕಿದರೆ ಊರೂ ಕಾಣುತ್ತದೆ. ವಾಲ್ವ್ ಅಂದರೆ ಹುಬ್ಬಳ್ಳಿ. ಫೌಂಡ್ರಿ ಅಂದರೆ ಬೆಳಗಾವಿ, ಶಿವಮೊಗ್ಗ. ಗಾರ್ಮೆಂಟ್ಸ್ ಅಂದರೆ ದೊಡ್ಡಬಳ್ಳಾಪುರ. ನನ್ನ ರಾಣೆಬೆನ್ನೂರಿನ ಗೆಳೆಯ ಬೆಂಗಳೂರಿನ ಬಾಡಿಗೆ ಕಟ್ಟಿ ಸಾಕಾಗಿ ವಾಲ್ವ್ ಟಿಕ್ ಮಾಡಿ ಹುಬ್ಬಳ್ಳಿಗೆ ಹೋದ. ಈಗ ವಾರಕ್ಕೊಮ್ಮೆ ಮನೆ ಊಟ ಸಿಗುತ್ತದೆ ಅವನಿಗೆ.

ಈಗ ತೊಂದರೆಗಳು. ಜಾಹೀರಾತು ಹಾಕುವವರೇ ಇಂಡಸ್ಟ್ರಿ ಆರಿಸುವುದರಿಂದ ಒಂದೇ ಕಂಪನಿ ಇವತ್ತು ಆಟೋಮೊಬೈಲ್‌ನಲ್ಲಿ, ನಾಳೆ ಇಂಡಸ್ಟ್ರಿಯಲ್ ಎಕ್ವಿಪ್‌ಮೆಂಟ್‌ನಲ್ಲಿ ಕಾಣುತ್ತದೆ. ಹಾಗಾಗಿ ಹತ್ತಿರದ ಎರಡು ಮೂರು ಇಂಡಸ್ಟ್ರಿ ಸೇರಿಸಿ ಟಿಕ್ ಮಾಡಬೇಕು. ಹಳೇ ಜಾಹೀರಾತಿಗೆ ಹೊಸ ತಾರೀಖು ಹಾಕಿ ಮತ್ತೆ ಬಿಡುತ್ತಾರೆ, ಸುಮ್ನೆ ಅರ್ಜಿ ವೇಸ್ಟ್. ಒಮ್ಮೆ ಮೆಡಿಕಲ್ ಡಿವೈಸ್ ಕೆಲಸ ಅಂತ ಕರೆದ ಕನ್ಸಲ್ಟೆನ್ಸಿಯವನು ಯೂನಿಫಾರ್ಮಿಗೆ 2,500 ಮೊದಲೇ ಕಳಿಸಿ ಅಂದ. ಕಳಿಸಲಿಲ್ಲ. ದಯವಿಟ್ಟು ಯಾರೂ ಕಳಿಸಬೇಡಿ.

ಆ್ಯಪ್ ಜೊತೆಗೆ ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕರಿಯರ್ ಸರ್ವೀಸ್ ಅನ್ನುವ ಉದ್ಯೋಗ ಪೋರ್ಟಲ್ ಕೂಡ ನೋಡುತ್ತೇನೆ. 2015ರಲ್ಲಿ ಶುರುವಾದದ್ದು, ನೋಂದಣಿ ಉಚಿತ, ಅಲ್ಲೂ ಸೆಕ್ಟರ್ ಪ್ರಕಾರ ಹುಡುಕಬಹುದು. ಐಟಿಐ ಮುಗಿಸಿದ ತಮ್ಮಂದಿರಿದ್ದರೆ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್ಲನ್ನೂ ಹೀಗೇ ನೋಡಲಿ.

ಇದು ಫ್ಯಾಕ್ಟರಿಯವರಿಗೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಚಿಕ್ಕಮ್ಮನ ಮಗಳು ಬಿ.ಕಾಂ, ದಾವಣಗೆರೆಯಲ್ಲೇ ಇರಬೇಕು. 'ಅಕೌಂಟೆಂಟ್' ಅಂತ ಹುಡುಕಿ ಹುಡುಕಿ ಬೇಜಾರಾಗಿದ್ದಳು. ಹೆಲ್ತ್‌ಕೇರ್ ಟಿಕ್ ಮಾಡಮ್ಮಾ ಅಂದೆ. ಆಸ್ಪತ್ರೆಯ ಬಿಲ್ಲಿಂಗ್, ಇನ್ಶೂರೆನ್ಸ್ ಫೈಲ್ ನೋಡುವ ಟಿಪಿಎ ಡೆಸ್ಕ್, ಸ್ಟೋರ್ ಲೆಕ್ಕ, ಇವೆಲ್ಲ ಇವೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಈಗ ಟಿಪಿಎ ಡೆಸ್ಕಿನಲ್ಲಿ ಎಂಟು ತಿಂಗಳಾಯಿತು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಮ್ಯಾನ್‌ಪವರ್ ಏಜೆನ್ಸಿಗಳ ಸಲುವಾಗಿ. ಅವರು ಹಾಕುವ ಕೆಲಸವೆಲ್ಲ 'ಸ್ಟಾಫಿಂಗ್' ಅನ್ನುವ ಒಂದೇ ಇಂಡಸ್ಟ್ರಿಯೊಳಗೆ ಹೋಗಿ ಬೀಳುತ್ತದೆ, ನಿಜವಾಗಿ ದುಡಿಯಬೇಕಿರುವುದು ಔಷಧಿ ಫ್ಯಾಕ್ಟರಿಯಲ್ಲೋ ಗೋಡೌನಿನಲ್ಲೋ ಗೊತ್ತೇ ಆಗುವುದಿಲ್ಲ. ಇಂಥ ಆ್ಯಪ್ ಮಾಡುವವರು ಇದನ್ನು ಓದುತ್ತಿದ್ದರೆ, ಏಜೆನ್ಸಿಯವರು ಜಾಹೀರಾತು ಹಾಕುವಾಗ ಕೆಲಸ ನಡೆಯುವ ಜಾಗದ ಇಂಡಸ್ಟ್ರಿ ಯಾವುದು ಅಂತ ಕೇಳಿ ತುಂಬಿಸಿಕೊಳ್ಳಿ.