ಆಂಬುಲೆನ್ಸಾ, ಬಂಗಲೆ ಆಸ್ಪತ್ರೆಯಾ? ಮೊದಲು ಯಾವುದನ್ನು ಓದಬೇಕು

ಮೊದಲ ಮಹಾಯುದ್ಧದ ಬ್ರಿಟನ್ ಬಗ್ಗೆ ಓದಲು ಹೊರಟಿದ್ದೀರಾ? ಸ್ವಯಂಸೇವಕರ ಆಂಬುಲೆನ್ಸ್ ಒಂದು ದಾರಿ, ಸಿರಿವಂತರ ಬಂಗಲೆಗಳಲ್ಲಿ ತೆರೆದ ಆಸ್ಪತ್ರೆ ಇನ್ನೊಂದು.

ಅಪಾಯ, ಹಟ, ಓಡಾಟದ ಕಥೆ ಬೇಕಿದ್ದರೆ ಆಂಬುಲೆನ್ಸ್. 1914ರಲ್ಲಿ ಯುದ್ಧವನ್ನೇ ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಯುವಕರು ಫ್ರೆಂಡ್ಸ್ ಆಂಬುಲೆನ್ಸ್ ಯೂನಿಟ್ ಕಟ್ಟಿದರು. ಬಂದೂಕು ಮುಟ್ಟಲ್ಲ ಎಂದವರು ಗುಂಡು ಹಾರುವ ಕಡೆಗೇ ಗಾಡಿ ಓಡಿಸಿದರು! ಫಸ್ಟ್ ಏಡ್ ನರ್ಸಿಂಗ್ ಯೋಮನ್ರಿ ಎಂಬ ಸ್ವಯಂಸೇವಾ ಪಡೆಯ ಹೆಂಗಸರು 1916ರ ಜನವರಿಯಿಂದ ಫ್ರಾನ್ಸಿನ ಬಂದರು ಕ್ಯಾಲೆಯಲ್ಲಿ ಬ್ರಿಟಿಷ್ ಸೇನೆಯ ಆಂಬುಲೆನ್ಸ್ ಓಡಿಸಿದರು. ಕೆಟ್ಟರೆ ರಿಪೇರಿಯೂ ಅವರದೇ. ಇದಕ್ಕೂ ಮುಂಚೆ, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಗಾಂಧೀಜಿ ಕಟ್ಟಿದ ಪಡೆಯ ಸುಮಾರು 1,100 ಭಾರತೀಯರು ಗಾಯಾಳುಗಳನ್ನು ಹೊತ್ತಿದ್ದರು. ಅದನ್ನೂ ಜೊತೆಗೇ ಓದಿ.

ಮನೆಯೊಳಗಿನ ಕಥೆ ಇಷ್ಟವಾದರೆ ಬಂಗಲೆ. ಮ್ಯಾಂಚೆಸ್ಟರ್ ಬಳಿಯ ಡನಮ್ ಮ್ಯಾಸಿ ಎಂಬ ಬಂಗಲೆಯಲ್ಲಿ 1917ರಿಂದ 1919ರವರೆಗೆ 282 ಸೈನಿಕರಿಗೆ ಚಿಕಿತ್ಸೆ ನಡೆಯಿತು. ದೊಡ್ಡ ಹಜಾರವೇ ವಾರ್ಡ್, ಮೆಟ್ಟಿಲ ಬುಡದಲ್ಲೇ ಆಪರೇಷನ್. ಒಮ್ಮೆ ಮಿದುಳಿನ ಆಪರೇಷನ್‌ಗೆ ಮನೆಯ ಮಗಳೇ ಟಾರ್ಚ್ ಹಿಡಿದು ನಿಂತಿದ್ದಳು. ಒಂದೇ ಕೊರತೆ: ಇಂಥ ಕಥೆಗಳಲ್ಲಿ ಮನೆಯೊಡತಿಯದೇ ಜಾಸ್ತಿ, ಬೆಡ್‌ಪ್ಯಾನ್ ತೊಳೆದವರದು ಕಮ್ಮಿ.

ಇಂಗ್ಲೆಂಡಿನಲ್ಲೇ ಇದ್ದರೆ ಬಂಗಲೆಯಿಂದ ಶುರು ಮಾಡಿ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುವ ಡನಮ್ ಮ್ಯಾಸಿಗೆ ಹೋಗಿಬರಬಹುದು. ಊರಲ್ಲೇ ಕೂತು ಓದುವವರಿಗೆ ನನ್ನ ಓಟು ಆಂಬುಲೆನ್ಸ್‌ಗೆ.