ಹೂವಿನ ಅರ್ಥ ಹೇಳುವ ಕಾರ್ಡಿನ ಡಬ್ಬ: ಚಿತ್ರಕ್ಕೆ ಪೂರ್ತಿ ಅಂಕ, ಮಾತಿಗೆ ಅರ್ಧ

ಗೆಳತಿಗೆ ಮಂಡಿ ಆಪರೇಷನ್ ಆಗಿತ್ತು. ನೋಡಲು ಹೋಗುವಾಗ ನೀಲಿ ಹೈಡ್ರೇಂಜಿಯದ ಗೊಂಚಲು ಒಯ್ದಿದ್ದೆ. ಅದಕ್ಕೆ ಒಂದು ಕಾರ್ಡನ್ನೂ ಸಿಕ್ಕಿಸಿದ್ದೆ, ಹೊಸದಾಗಿ ತರಿಸಿದ್ದ ಈ ಡಬ್ಬದ್ದೇ. ಕಾರ್ಡಿನ ಮುಂದೆ ಹೂವಿನ ಚಿತ್ರ, ಹಿಂಬದಿಯಲ್ಲಿ ಅದರ ಅರ್ಥ. ಇದರ ಹಿಂಬದಿಯಲ್ಲಿ 'ಕೃತಜ್ಞತೆ' ಅಂತ ಅಚ್ಚಾಗಿತ್ತು. ಮೂರು ದಿನ ಬಿಟ್ಟು ಅವಳ ಫೋನು. "ಏನೇ, ನಾನು ಬಡಾಯಿ ಕೊಚ್ಚುವವಳಾ? ಹೃದಯವೇ ಇಲ್ಲದವಳಾ?" ಇಂಗ್ಲೆಂಡಿನ ಚಿತ್ರಗಾರ್ತಿ ಕೇಟ್ ಗ್ರೀನವೇ 1884ರಲ್ಲಿ ತಂದ, ಯಾವ ಹೂವಿಗೆ ಏನರ್ಥ ಅಂತ ಪಟ್ಟಿ ಮಾಡಿದ ಹೂಭಾಷೆಯ ಪುಸ್ತಕದ ಮರುಮುದ್ರಣ ಅವಳ ಹತ್ತಿರ ಇದೆ. ಅದರಲ್ಲಿ ಹೈಡ್ರೇಂಜಿಯಕ್ಕೆ ಬರೆದಿರುವುದೇ ಅದು. ಮಲಗಿದಲ್ಲೇ ಪುಟ ತಿರುವಿ ನನ್ನನ್ನು ಹಿಡಿದುಬಿಟ್ಟಿದ್ದಳು.

ಅವತ್ತೇ 48 ಕಾರ್ಡುಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತೆ.

ಚಿತ್ರದ ಬಗ್ಗೆ ದೂರೇ ಇಲ್ಲ. ಫರ್ಗೆಟ್ ಮಿ ನಾಟ್ ಕಾರ್ಡು ನೋಡಿ. ಬೆರಳಿನ ಉಗುರಿಗಿಂತ ಚಿಕ್ಕ ನೀಲಿ ಹೂ, ಮಧ್ಯೆ ಹಳದಿ ಉಂಗುರ. ಪಕ್ಕದಲ್ಲಿ ಹಳೆಯದಾದ ಒಂದು ಹೂವಿನ ಉಂಗುರ ಬೆಳ್ಳಗಾಗಿದೆ. ಗಿಡದಲ್ಲಿ ಆಗುವುದೂ ಹಾಗೇ. ಬರೆದವರು ಹೂವಿನ ಮುಂದೆ ಕೂತು ಬರೆದಿದ್ದಾರೆ ಅನ್ನುವುದಕ್ಕೆ ಇಷ್ಟು ಸಾಕು. ಕಾಗದವೂ ದಪ್ಪ, ಹೊಳಪು ಜಾಸ್ತಿ ಇಲ್ಲ. ಡಬ್ಬದ ಮುಚ್ಚಳ ಮಾತ್ರ ವಾರದಲ್ಲೇ ಕಿತ್ತುಬಂತು.

ತಲೆನೋವು ಹಿಂಬದಿಯದು. ಹೂವಿಗೊಂದು ಪದ, ಅಷ್ಟೇ. ಹಳದಿ ಗುಲಾಬಿ: ಸ್ನೇಹ. ಲ್ಯಾವೆಂಡರ್: ಶಾಂತಿ. ಗೆಳತಿಯ ಪುಸ್ತಕದಲ್ಲಿ ಹಳದಿ ಗುಲಾಬಿಗೆ 'ಪ್ರೀತಿ ಇಳಿಯುತ್ತಿದೆ, ಹೊಟ್ಟೆಕಿಚ್ಚು' ಅಂತಿದೆ. ಲ್ಯಾವೆಂಡರಿಗೆ ಅಪನಂಬಿಕೆ! ಜೊತೆಗಿರುವ ಚೀಟಿ 'ಸಾವಿರಾರು ವರ್ಷಗಳ ಗುಪ್ತ ಭಾಷೆ' ಅನ್ನುತ್ತದೆ. ಸುಮ್ನೆ ಮಾತು. ಯುರೋಪಿನಲ್ಲಿ ಇಂಥ ಪಟ್ಟಿಗಳ ಹುಚ್ಚು ಹಬ್ಬಿಸಿದ್ದು 1819ರಲ್ಲಿ ಪ್ಯಾರಿಸಿನಲ್ಲಿ ಬಂದ ಒಂದು ಪುಸ್ತಕ. ಆಮೇಲೆ ಬಂದವರು ಅದನ್ನು ನಕಲು ಮಾಡಿದರು, ತಮಗೆ ಬೇಕಾದ ಕಡೆ ತಿದ್ದಿದರು. ಹಾಗಿರುವಾಗ ಒಂದೇ ಅರ್ಥ ಎಲ್ಲಿಂದ ಬರಬೇಕು?

ಸೇವಂತಿಗೆಯ ಕಾರ್ಡಂತೂ ಕೋಪ ತರಿಸಿತು. 'ದೀರ್ಘಾಯುಷ್ಯ' ಅಂತ ಬರೆದು ಕೈ ತೊಳೆದುಕೊಂಡಿದ್ದಾರೆ. ಜಪಾನಿನ ಚಕ್ರವರ್ತಿಯ ಲಾಂಛನ 16 ಎಸಳಿನ ಸೇವಂತಿಗೆ, ನಿಜ. ಆದರೆ ಫ್ರಾನ್ಸಿನಲ್ಲಿ ಅದು ನವೆಂಬರ್ 1ರಂದು ಸಮಾಧಿಗೆ ಇಡುವ ಹೂ. ಈ ಕಾರ್ಡು ನಂಬಿ ಅಲ್ಲಿ ಯಾರದ್ದಾದರೂ ಹುಟ್ಟುಹಬ್ಬಕ್ಕೆ ಹೊರಟವರ ಗತಿ?

ಹತ್ತು ಹನ್ನೆರಡು ಕಾರ್ಡುಗಳಲ್ಲಿ ಮಾತ್ರ ಅರ್ಥದ ಜೊತೆ ಕಾರಣವೂ ಇದೆ. ಅವು ಚಿನ್ನ. ಕೆಂಪು ಪಾಪಿಯದು ಹಾಗೆ (ಕನ್ನಡದಲ್ಲಿ ಓದಿದರೆ ಪಾಪ, ಎಂಥ ಹೆಸರು). ಅದರ ಬೀಜ ಮಣ್ಣಿನಡಿ ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತದೆ, ನೆಲ ಕೆದಕಿದರೆ ಬೆಳಕು ಕಂಡು ಮೊಳೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಕಡೆಯ ಫ್ಲಾಂಡರ್ಸಿನ ನೆಲವನ್ನು ಗುಂಡು ಕೆದಕಿತು, ಗೋರಿ ತೋಡಿದವರು ಕೆದಕಿದರು. ಅಲ್ಲೆಲ್ಲ ಕೆಂಪಗೆ ಹೂ ಎದ್ದಿತು. 1921ರಿಂದ ಬ್ರಿಟನ್ನಿನ ಜನ, ಸತ್ತ ಸೈನಿಕರ ನೆನಪಿಗೆ ಅದನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ಇಷ್ಟು ಓದಿದ ಮೇಲೆ 'ನೆನಪು' ಅಂತ ಬೇರೆ ಬರೆಯಬೇಕಾ?

ಪ್ಯಾನ್ಸಿಯ ಕಾರ್ಡೂ ಚೆನ್ನ. ಫ್ರೆಂಚಿನಲ್ಲಿ 'ಪಾನ್ಸೇ' ಅಂದರೆ ಯೋಚನೆ, ಹೂವಿನ ಹೆಸರು ಅಲ್ಲಿಂದ ಬಂತು. ಎಸಳ ಮೇಲಿನ ಕಪ್ಪು ಗೆರೆಗಳು ಹಣೆ ಗಂಟಿಕ್ಕಿದ ಹಾಗೇ ಕಾಣುತ್ತವೆ, ಅಲ್ವಾ?

ಚೌಕಟ್ಟು ಹಾಕಿಸಲು ಚಿತ್ರ ಬೇಕೆನ್ನುವವರು ಧಾರಾಳವಾಗಿ ಕೊಳ್ಳಿ. ಅರ್ಥ ನೋಡಿ ಹೂ ಕಳಿಸುವ ಆಸೆಯಿದ್ದರೆ ಬೇಡ. ಒಳ್ಳೆಯ ಕಾರ್ಡುಗಳನ್ನು ನಾನು ಬೇರೆ ತೆಗೆದಿಟ್ಟೆ. ಉಳಿದವುಗಳ ಹಿಂದೆ ಬಿಳಿ ಕಾಗದ ಅಂಟಿಸಿ, ಹೇಳಬೇಕಾದ್ದನ್ನು ನಾನೇ ಬರೆಯುತ್ತೇನೆ. ಗೆಳತಿಗೆ ಪ್ಯಾನ್ಸಿ ಕಳಿಸಿದೆ. ಅದನ್ನವಳು ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಿದ್ದಾಳೆ, ಹೈಡ್ರೇಂಜಿಯದ ಪುಟಕ್ಕೇ.