ಉಪಕರಣ ಜೋಡಿಸಿಡಲು ಡ್ರಾಯರ್ ಒಳಗೆ ಫೋಮಾ, ಪ್ರಿಂಟ್ ಡಬ್ಬಿಯಾ, ಪ್ಲೈವುಡ್ಡಾ?

ಬೀದರ್‌ನ ಬಿದರಿ ಕೆಲಸದವರ ಹತ್ತಿರ ಸಣ್ಣ ಉಳಿಗಳೇ ಜಾಸ್ತಿ ಅಲ್ವಾ, ಅಂಥವಕ್ಕೆ ಫೋಮ್ ಹಾಕಿಸಿ ಅಂತಲೇ ಹೇಳುತ್ತೇನೆ. ಪ್ರತಿ ಉಳಿಯ ಆಕಾರಕ್ಕೆ ತಕ್ಕಂತೆ ಕತ್ತರಿಸಿದರೆ ಮೊನೆಗೆ ಮೊನೆ ತಾಗುವುದಿಲ್ಲ, ಒಂದು ಕಾಣೆಯಾದರೂ ಖಾಲಿ ಜಾಗ ತಕ್ಷಣ ಕಣ್ಣಿಗೆ ಬೀಳುತ್ತದೆ. ಆದರೆ ಹೊಸ ಉಳಿ ತಂದರೆ ಮತ್ತೆ ಕತ್ತರಿಸಬೇಕು.

ಸಾಮಾನು ಆಗಾಗ ಬದಲಾಗುತ್ತದೆ ಅನ್ನುವವರಿಗೆ ತ್ರೀಡಿ ಪ್ರಿಂಟ್ ಮಾಡಿದ ಗ್ರಿಡ್‌ಫಿನಿಟಿ ಡಬ್ಬಿಗಳೇ ಸರಿ, ಅಂದರೆ ಒಂದೇ ಅಳತೆಯ ಚೌಕಗಳ ಮೇಲೆ ಬೇಕಾದಂತೆ ಜೋಡಿಸಬಹುದಾದ ಡಬ್ಬಿಗಳು. ಒಂದು ಚೌಕ 42 ಮಿಮೀ, ಎತ್ತರ 7 ಮಿಮೀ ಲೆಕ್ಕದಲ್ಲಿ ಏರುತ್ತದೆ. ಡ್ರಾಯರ್ ಒಳಗಿನ ಉದ್ದ ಅಗಲವನ್ನು 42ರಿಂದ ಭಾಗಿಸಿದರೆ ಎಷ್ಟು ಕೂರುತ್ತವೆ ಅಂತ ಗೊತ್ತಾಗುತ್ತದೆ. ಪ್ರಿಂಟಿಗೆ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಮಾತ್ರ ಬೇಡ. ಅದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಮೇ ತಿಂಗಳಲ್ಲಿ ನಮ್ಮ ತಗಡಿನ ಶೆಡ್ ಎಷ್ಟು ಕಾಯುತ್ತದೆ ನೋಡಿದ್ದೀರಲ್ಲ. ಅದಕ್ಕಿಂತ ಹೆಚ್ಚು ಬಿಸಿ ತಡೆಯುವ ಪಿಇಟಿಜಿ ಪ್ಲಾಸ್ಟಿಕ್ ತಗೊಳ್ಳಿ.

ಸುತ್ತಿಗೆ, ಪಾನಾ ಥರದ ಭಾರದ್ದಕ್ಕೆ 6 ಮಿಮೀ ಪ್ಲೈವುಡ್ ಅಡ್ಡಪಟ್ಟಿ ಸಾಕು.